ಬೆಕ್ಕಿನ ಕಿಡ್ನಿ ಕಾಯಿಲೆ ಹಿಡಿಯಲು ಯಾವುದಕ್ಕೆ ದುಡ್ಡು ಹಾಕಬೇಕು? ತಕ್ಕಡಿ, ಸ್ಟ್ರಿಪ್, ಲ್ಯಾಬ್ ರಿಪೋರ್ಟುಗಳ ವಿಮರ್ಶೆ

ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ಮನೆಯಲ್ಲೇ ಪತ್ತೆ ಹಚ್ಚಿ ಎಂದು ಮಾರುವ ಸಾಮಾನುಗಳು ಈಗ ಬೇಕಾದಷ್ಟಿವೆ. ಬಣ್ಣ ಬದಲಿಸುವ ಲಿಟರ್ (ಬೆಕ್ಕಿನ ಟ್ರೇಗೆ ಹಾಕುವ ಹರಳು), ಹತ್ತು ಚೌಕದ ಮೂತ್ರದ ಸ್ಟ್ರಿಪ್, ಮೂತ್ರ ಎಷ್ಟು ಗಟ್ಟಿಯೆಂದು ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್, 'ಫುಲ್ ಬಾಡಿ' ಹೆಸರಿನ ಲ್ಯಾಬ್ ಪ್ಯಾಕೇಜು. ಹಾಸನ, ಚಿಕ್ಕಮಗಳೂರಿನ ಪೇಟೆ ಮನೆಗಳಿಗೆ ಕೊರಿಯರ್‌ನವರು ಬಾಗಿಲಿಗೇ ತಂದುಕೊಡುತ್ತಾರೆ. ತೋಟದೊಳಗಿನ ಮನೆಯಾದರೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಪರಿಚಯದ ಅಂಗಡಿಗೆ ತರಿಸಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ಇವುಗಳಲ್ಲಿ ಯಾವುದು ಕೊಟ್ಟ ದುಡ್ಡಿಗೆ ತಕ್ಕದ್ದು, ಯಾವುದು ದಂಡ, ಯಾವುದನ್ನು ಹೇಗೆ ಬಳಸಿದರೆ ಸುಳ್ಳು ಉತ್ತರ ಬರುತ್ತದೆ ಅನ್ನುವುದನ್ನು ಇಲ್ಲಿ ನೋಡೋಣ. ತೀರ್ಪು ಮೊದಲೇ ಬೇಕಿದ್ದವರಿಗೆ ಹೇಳುವುದಾದರೆ, ಎಲ್ಲಕ್ಕಿಂತ ಅಗ್ಗದ ಸಾಮಾನೇ ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದು. ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಮನುಷ್ಯರ ಲ್ಯಾಬಿನಲ್ಲಿ ಮಾಡಿಸಿದ ಬೆಕ್ಕಿನ ರಕ್ತದ ರಿಪೋರ್ಟು.

ಮೊದಲು ಕಾಯಿಲೆಯ ನಡಿಗೆ ಗೊತ್ತಿರಬೇಕು. ವಯಸ್ಸಾದ ಬೆಕ್ಕಿಗೆ ಬರುವುದು ಹೆಚ್ಚಾಗಿ ದೀರ್ಘಕಾಲದ ಕಿಡ್ನಿ ಕಾಯಿಲೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕಿಡ್ನಿಯ ಸುಮಾರು ಮೂರನೇ ಎರಡು ಭಾಗ ಕೆಲಸ ನಿಲ್ಲಿಸುವ ಹೊತ್ತಿಗೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ, ಬೆಕ್ಕು ಹೆಚ್ಚು ಉಚ್ಚೆ ಹೊಯ್ದು ಹೆಚ್ಚು ನೀರು ಕುಡಿಯತೊಡಗುತ್ತದೆ. ಮುಕ್ಕಾಲು ಭಾಗ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಸಾಮಾನ್ಯ ಮಿತಿಯಲ್ಲೇ ಕೂತಿರಬಹುದು. ಬಾಯಿ ವಾಸನೆ, ವಾಂತಿ, ಬಾಯಿಹುಣ್ಣು, ಬಿಳಚಿದ ವಸಡು, ಊಟ ಮೂಸಿ ಬಿಡುವುದು, ಇವೆಲ್ಲ ಅದಕ್ಕೂ ಆಮೇಲಿನ ಲಕ್ಷಣಗಳು. ಪಶು ಆಸ್ಪತ್ರೆಗೆ ಬರುವ ಬೆಕ್ಕುಗಳು ಬಹುಪಾಲು ಈ ಕೊನೆಯ ಹಂತದಲ್ಲೇ ಬರುತ್ತವೆ. 'ವಯಸ್ಸಾಯ್ತು, ಸೊರಗಿದೆ' ಎಂದು ಮನೆಯವರು ಆರು ತಿಂಗಳು ಸುಮ್ಮನಿದ್ದ ಮೇಲೆ. ಆ ಸೊರಗುವುದನ್ನು ಅಂಕಿಯಲ್ಲಿ ಹಿಡಿಯುವುದೇ ಪತ್ತೆಯ ಮೊದಲ ಹೆಜ್ಜೆ.

ಅದಕ್ಕೆ ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಅಂಗಡಿಯಲ್ಲಿ 5 ಕೆಜಿಯದ್ದೂ 10 ಕೆಜಿಯದ್ದೂ ಸಿಗುತ್ತದೆ, 10 ಕೆಜಿಯದ್ದನ್ನೇ ಕೊಳ್ಳಿ. 4 ಕೆಜಿಯ ಬೆಕ್ಕು, ಅದು ಕೂರುವ ಬುಟ್ಟಿ ಸೇರಿದರೆ 5 ಕೆಜಿಯ ತಕ್ಕಡಿ ಕೈ ಎತ್ತಿಬಿಡುತ್ತದೆ. ಬುಟ್ಟಿ ಇಟ್ಟು ಸೊನ್ನೆ ಮಾಡಿ, ಬೆಕ್ಕನ್ನು ಕೂರಿಸಿ, ಅಂಕಿ ನಿಂತ ಕೂಡಲೇ ಬರೆದುಕೊಳ್ಳಬೇಕು. ಚಡಪಡಿಸುವ ಬೆಕ್ಕಾದರೆ ಮುಚ್ಚಳವಿರುವ ಬುಟ್ಟಿ ಒಳ್ಳೆಯದು. ಮನುಷ್ಯರು ಹತ್ತಿ ನಿಲ್ಲುವ ತೂಕದ ಯಂತ್ರದಲ್ಲಿ ಬೆಕ್ಕನ್ನು ಎತ್ತಿಕೊಂಡು ನಿಂತು ಆಮೇಲೆ ತಮ್ಮ ತೂಕ ಕಳೆಯುವ ಪದ್ಧತಿ ಬಹಳ ಮನೆಗಳಲ್ಲಿದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಆ ಯಂತ್ರ 100 ಗ್ರಾಮಿನ ಮೆಟ್ಟಿಲಲ್ಲಿ ಓದುತ್ತದೆ, ಎರಡು ಸಲ ತೂಗಿದಾಗ ತಪ್ಪು 200 ಗ್ರಾಮಿನವರೆಗೂ ಹೋಗಬಹುದು. ನಾವು ಹಿಡಿಯಬೇಕಾದ ಇಳಿಕೆಯೂ ಅಷ್ಟೇ. 4 ಕೆಜಿಯ ಬೆಕ್ಕು 200 ಗ್ರಾಂ ಕಳೆದುಕೊಂಡರೆ ಶೇಕಡಾ 5, ಅಂದರೆ 60 ಕೆಜಿಯ ಮನುಷ್ಯ 3 ಕೆಜಿ ಇಳಿದ ಹಾಗೆ.

ಎರಡು ವಾರಕ್ಕೊಮ್ಮೆ, ಬೆಳಗ್ಗೆ ಊಟಕ್ಕೆ ಮುಂಚೆ, ಅದೇ ಬುಟ್ಟಿಯಲ್ಲಿ ತೂಗಿ ಕ್ಯಾಲೆಂಡರಿನ ಮೇಲೆ ಬರೆದರೆ ಸಾಕು. ತಕ್ಕಡಿಯ ಬ್ಯಾಟರಿ ಸೊರಗಿದಾಗ ಅಂಕಿ ಅಲೆಯುತ್ತದೆ, ಆದ್ದರಿಂದ ಪ್ರತಿ ಸಲ ಮೊದಲು ಒಡೆಯದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಟ್ಟು ನೋಡುವುದು ಲೇಸು. ಶೇಕಡಾ 5 ಇಳಿದರೆ ಎರಡು ವಾರ ಬಿಟ್ಟು ಮತ್ತೆ ತೂಗಿ. ಇಳಿಕೆ ಮುಂದುವರಿದರೆ, ಅಥವಾ ಶೇಕಡಾ 10 ಮುಟ್ಟಿದರೆ, ಬೆಕ್ಕು ಎಷ್ಟೇ ಚೆನ್ನಾಗಿ ತಿನ್ನುತ್ತಿದ್ದರೂ ರಕ್ತ ಮತ್ತು ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಹಾಗೆಂದು ತೂಕ ಇಳಿದದ್ದೆಲ್ಲ ಕಿಡ್ನಿಯಿಂದಲೇ ಅಲ್ಲ. ಥೈರಾಯ್ಡ್ ಹೆಚ್ಚಾದರೂ, ಸಕ್ಕರೆ ಕಾಯಿಲೆ ಬಂದರೂ, ಹಲ್ಲು ನೋಯುತ್ತಿದ್ದರೂ, ಹೊಟ್ಟೆಹುಳು ಇದ್ದರೂ ಇಳಿಯುತ್ತದೆ. ತಕ್ಕಡಿ ಕಾಯಿಲೆಯ ಹೆಸರು ಹೇಳುವುದಿಲ್ಲ, ಹೊತ್ತು ಮೀರುವ ಮುಂಚೆ ಎಚ್ಚರಿಸುತ್ತದೆ. ಅದರ ಜೊತೆಗೆ ಕೈಯನ್ನೂ ಬಳಸಿ. ಸೊರಗುತ್ತಿರುವ ಬೆಕ್ಕಾದರೆ ಬೆನ್ನುಮೂಳೆಯ ಇಕ್ಕೆಲದಲ್ಲಿ ಬೆರಳಾಡಿಸಿದಾಗ ಮಾಂಸ ಕರಗಿ ಮೂಳೆಯ ಏಣು ಸಿಗುತ್ತದೆ. ಹೊಟ್ಟೆ ಜೋತುಬಿದ್ದಿರುವ ಬೆಕ್ಕು, ಕೂದಲು ದಟ್ಟವಿರುವ ಪರ್ಷಿಯನ್, ಇವೆರಡನ್ನೂ ಕಣ್ಣಳತೆಯಲ್ಲಿ ನೋಡಿದರೆ ಮೋಸ ಹೋಗುವುದು ಖಂಡಿತ.

ನೀರಿನ ಅಳತೆಗೆ ಔಷಧಿ ಬಾಟಲಿಯ ಜೊತೆ ಬರುವ ಅಳತೆ ಕಪ್ ಸಾಕು, ಬೇರೆ ಏನೂ ಕೊಳ್ಳಬೇಕಿಲ್ಲ. ಬೆಳಗ್ಗೆ ಅಳೆದು ಇಡಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಬೇಸಿಗೆಯಲ್ಲಿ ಆವಿಯಾಗಿ ಹೋಗುವುದೂ ಲೆಕ್ಕಕ್ಕೆ ಬರಬೇಕು, ಅಂಥದೇ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಎಟುಕದ ಕಡೆ ಇಟ್ಟರೆ ಆ ಕಳೆತ ಎಷ್ಟೆಂದು ತಿಳಿಯುತ್ತದೆ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ತನ್ನ ತೂಕದ ಪ್ರತಿ ಕೆಜಿಗೆ ಸುಮಾರು 50 ಮಿಲಿ ಒಳಗೇ ಕುಡಿಯುತ್ತದೆ. ಕೆಜಿಗೆ 100 ಮಿಲಿ ದಾಟಿದರೆ ಅದು ಅತಿ, ಅದರಲ್ಲಿ ಎರಡು ಮಾತಿಲ್ಲ. ನಡುವಿನದ್ದನ್ನು ಮಾತ್ರ ಊಟ ನೋಡಿ ತೂಗಬೇಕು. ಮೀನು ಸಾರು ಕಲಸಿದ ಅನ್ನ ತಿನ್ನುವ ಬೆಕ್ಕಿಗೆ ಊಟದಲ್ಲೇ ನೀರಿರುತ್ತದೆ, ಅದು ಬಟ್ಟಲಿನ ಹತ್ತಿರ ಹೋಗುವುದೇ ಅಪರೂಪ. ಅಂಥ ಬೆಕ್ಕು ಇದ್ದಕ್ಕಿದ್ದಂತೆ 150 ಮಿಲಿ ಕುಡಿಯತೊಡಗಿದರೆ ಅನುಮಾನಿಸಬೇಕು. ಅದೇ ಬೆಕ್ಕನ್ನು ಒಣ ಆಹಾರಕ್ಕೆ ಬದಲಿಸಿದ್ದರೆ ಅಷ್ಟು ಕುಡಿಯುವುದು ಸಹಜ.

ಮಲೆನಾಡಿನ ಕಡೆ ಈ ಅಳತೆಗೆ ಒಂದು ದೊಡ್ಡ ಅಡ್ಡಿ ಮಳೆಗಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೂರಿನ ನೀರು, ಬಚ್ಚಲ ಹಂಡೆ, ಕಣದ ಗುಂಡಿ ಎಲ್ಲ ಕಡೆ ನೀರೇ. ಹೊರಗೆ ತಿರುಗುವ ಬೆಕ್ಕು ಮನೆಯ ಬಟ್ಟಲಿನಲ್ಲಿ ಎಷ್ಟು ಕುಡಿಯಿತು ಅನ್ನುವುದಕ್ಕೆ ಆಗ ಅರ್ಥವೇ ಇಲ್ಲ. ಅಂಥ ಬೆಕ್ಕನ್ನು ಎರಡು ದಿನ ಒಂದು ಕೋಣೆಯಲ್ಲಿ ಇಟ್ಟುಕೊಳ್ಳಬೇಕು, ಇಲ್ಲವಾದರೆ ತೂಕವನ್ನೇ ನಂಬಬೇಕು. ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಮನೆಯೊಳಗೆ ಉಚ್ಚೆ ಮಾಡುತ್ತದೆಂದು ನೀರಿನ ಬಟ್ಟಲು ತೆಗೆದಿಡಬೇಡಿ. ನೀರು ಹೆಚ್ಚು ಕುಡಿದದ್ದಕ್ಕೆ ಉಚ್ಚೆ ಹೆಚ್ಚಾಗಿರುವುದಲ್ಲ, ಉಚ್ಚೆ ಹೆಚ್ಚು ಹೋಗುತ್ತಿರುವುದಕ್ಕೆ ನೀರು ಕುಡಿಯುತ್ತಿದೆ. ನೀರು ತಪ್ಪಿಸಿದರೆ ಒಂದೇ ದಿನದಲ್ಲಿ ಬೆಕ್ಕು ನೆಲಕಚ್ಚಬಹುದು.

ಇನ್ನು ಮೂತ್ರದ ಸ್ಟ್ರಿಪ್. ಮೆಡಿಕಲ್ ಸ್ಟೋರುಗಳಲ್ಲಿ ಸಿಗುವುದು ಮನುಷ್ಯರದ್ದು, ಆನ್‌ಲೈನಿನಲ್ಲಿ ನಾಯಿ-ಬೆಕ್ಕಿನ ಚಿತ್ರ ಹಾಕಿ ಮಾರುವುದೂ ಬಹುಪಾಲು ಅದೇ ಬಗೆಯದ್ದು, ಚಿತ್ರಕ್ಕೆಂದು ಹೆಚ್ಚು ದುಡ್ಡು ಕೊಡಬೇಕಿಲ್ಲ. ಹತ್ತು ಚೌಕಗಳಲ್ಲಿ ಬೆಕ್ಕಿಗೆ ನಂಬಬಹುದಾದವು ಗ್ಲೂಕೋಸ್, ಕೀಟೋನ್, ರಕ್ತ ಮತ್ತು ಪಿಎಚ್. ಬಿಳಿರಕ್ತಕಣದ ಚೌಕ ಬೆಕ್ಕಿನ ಮೂತ್ರದಲ್ಲಿ ಸುಮ್ಮಸುಮ್ಮನೆ ಬಣ್ಣ ತಿರುಗುತ್ತದೆ, ಅದನ್ನು ನೋಡಿ ಸೋಂಕು ಎಂದು ಆಂಟಿಬಯಾಟಿಕ್ ಶುರು ಮಾಡುವುದು ತಪ್ಪು. ನೈಟ್ರೈಟ್, ಯುರೋಬಿಲಿನೋಜನ್ ಚೌಕಗಳು ಇದ್ದೂ ಇಲ್ಲದ ಹಾಗೆ. ಪ್ರೋಟೀನ್ ಚೌಕ ಅರೆನಂಬಿಕೆಯದ್ದು. ಆರೋಗ್ಯವಂತ ಬೆಕ್ಕಿನ ಮೂತ್ರದಲ್ಲೂ, ಅದರಲ್ಲೂ ಬೀಜ ತೆಗೆಸದ ಗಂಡಿನಲ್ಲಿ, ಸಹಜವಾಗಿ ಒಂದು ಬಗೆಯ ಪ್ರೋಟೀನ್ ಇರುತ್ತದೆ. ಹಾಗಾಗಿ ಒಂದು ಪ್ಲಸ್ಸಿಗೆ ಬೆಚ್ಚಬೇಕಿಲ್ಲ, ನಿಜಕ್ಕೂ ಸೋರುತ್ತಿದೆಯೇ ಎಂದು ಲ್ಯಾಬಿನಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ ನೋಡಬೇಕು.

ಆದರೆ ಕಿಡ್ನಿಯ ವಿಷಯದಲ್ಲಿ ನಮಗೆ ಮುಖ್ಯವಾಗಿ ಬೇಕಿದ್ದ ಚೌಕ ಸಾಂದ್ರತೆಯದ್ದು, ಅಂದರೆ ಮೂತ್ರ ಎಷ್ಟು ಗಟ್ಟಿ ಎಂಬುದರದ್ದು, ಸ್ಟ್ರಿಪ್ ಸೋಲುವುದು ಅಲ್ಲೇ. ಆ ಚೌಕದ ಬಣ್ಣಪಟ್ಟಿ ಸಾಮಾನ್ಯವಾಗಿ 1.030ಕ್ಕೆ ಮುಗಿಯುತ್ತದೆ. ಬೆಕ್ಕಿನ ಕಿಡ್ನಿ ಸರಿಯಾಗಿದೆಯೇ ಎಂದು ನೋಡುವ ಗೆರೆ ಇರುವುದು 1.035ರಲ್ಲಿ. ಪಟ್ಟಿಯೊಳಗೂ ಆ ಬಣ್ಣಗಳು ಬೆಕ್ಕಿನ ಮೂತ್ರಕ್ಕೆ ಸರಿಹೊಂದುವುದಿಲ್ಲ. ಕಿಡ್ನಿ ಪತ್ತೆಗೆ ಎಂದು ಸ್ಟ್ರಿಪ್ ಕೊಂಡವರು ಮುಖ್ಯ ಪ್ರಶ್ನೆಗೇ ಉತ್ತರ ಸಿಗದ ಸಾಮಾನು ಕೊಂಡ ಹಾಗಾಯಿತು. ಸಕ್ಕರೆ ಕಾಯಿಲೆಯನ್ನು ಬೇರ್ಪಡಿಸಲು ಮಾತ್ರ ಅದು ಒಳ್ಳೆಯದು. ಬಾಯಾರಿಕೆ, ತೂಕ ಇಳಿಕೆ ಎರಡೂ ಇರುವ ಬೆಕ್ಕಿನ ಮೂತ್ರದಲ್ಲಿ ಗ್ಲೂಕೋಸ್ ಕಂಡರೆ ದಾರಿ ಬೇರೆ, ವೈದ್ಯರ ಹತ್ತಿರ ಬೇಗ ಹೋಗಬೇಕು. ತೇವ ತಗುಲಿದ ಸ್ಟ್ರಿಪ್ಪಿನ ಬಣ್ಣ ಅದ್ದುವ ಮುಂಚೆಯೇ ಕೆಟ್ಟಿರುತ್ತದೆ. ಮಳೆಗಾಲದ ಗಾಳಿಯಲ್ಲಿ ಡಬ್ಬಿ ತೆರೆದಿಡಬೇಡಿ. ಒಂದು ತೆಗೆದುಕೊಂಡ ಕೂಡಲೇ ಮುಚ್ಚಿ, ಒಳಗಿನ ತೇವ ಹೀರುವ ಪೊಟ್ಟಣ ಬಿಸಾಡಬೇಡಿ, ಫ್ರಿಜ್ಜಿನಲ್ಲಿ ಇಡಬೇಡಿ.

ಮೂತ್ರ ಹಿಡಿಯುವುದು ಹೇಗೆ ಅನ್ನುವುದೇ ಹಲವರಿಗೆ ಸಮಸ್ಯೆ. ಮನೆಯೊಳಗಿನ ಬೆಕ್ಕಾದರೆ ಟ್ರೇ ಖಾಲಿ ಮಾಡಿ, ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಣ್ಣ ಬೆಣಚುಕಲ್ಲು ಹರಡಿ. ಕಲ್ಲು ಹೀರುವುದಿಲ್ಲ, ಬೆಕ್ಕಿಗೆ ಕೆರೆಯುವ ಸಮಾಧಾನವೂ ಇರುತ್ತದೆ. ಉಚ್ಚೆ ಮಾಡಿದ ಮೇಲೆ ಟ್ರೇಯನ್ನು ವಾಲಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ 3 ಮಿಲಿ ಎಳೆದುಕೊಳ್ಳಿ. ಬ್ಲೀಚಿಂಗ್ ಪೌಡರಿನ ಅಂಶ ಟ್ರೇಯಲ್ಲಿ ಉಳಿದಿದ್ದರೆ ರಕ್ತದ ಚೌಕ ಸುಳ್ಳಾಗಿ ಬಣ್ಣ ತಿರುಗುತ್ತದೆ. ಫಿನಾಯಿಲ್ ಅಂತೂ ಬೆಕ್ಕಿರುವ ಮನೆಯಲ್ಲಿ ಇರಲೇಬಾರದು, ಅದು ಬೆಕ್ಕಿಗೆ ವಿಷ. ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಅರ್ಧ ಗಂಟೆಯೊಳಗೆ ಪರೀಕ್ಷಿಸಬೇಕು. ತಡವಾಗುವಂತಿದ್ದರೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಪರೀಕ್ಷೆಗೆ ಮುಂಚೆ ಕೋಣೆಯ ಬಿಸಿಗೆ ತನ್ನಿ. ಹೊರಗೆ ಮಣ್ಣು ಕೆರೆದು ಮುಗಿಸುವ ಬೆಕ್ಕಿಗೆ ಇದ್ಯಾವುದೂ ನಡೆಯುವುದಿಲ್ಲ, ವೈದ್ಯರೇ ಸೂಜಿಯಿಂದ ಮೂತ್ರಚೀಲದಿಂದ ತೆಗೆಯಬೇಕು. ಕೇಳಲು ಭಯವೆನಿಸಿದರೂ ಬೆಕ್ಕಿಗೆ ಅದು ರಕ್ತ ಕೊಡುವುದಕ್ಕಿಂತ ಹೆಚ್ಚಿನ ನೋವೇನಲ್ಲ, ಸೋಂಕು ನೋಡಲು ಕಲ್ಚರ್ ಮಾಡಿಸುವುದಾದರೆ ಆ ಮೂತ್ರವೇ ಬೇಕು.

ರಿಫ್ರಾಕ್ಟೋಮೀಟರ್ ಬಗ್ಗೆ ನಮ್ಮ ಅಭಿಪ್ರಾಯ ಒಳ್ಳೆಯದೇ, ಆದರೆ ಎಲ್ಲರಿಗೂ ಅಲ್ಲ. ಕಾಫಿ ಹಣ್ಣಿನ ಸಿಹಿ ನೋಡಲು ಕೆಲವು ಪ್ಲಾಂಟರುಗಳು ಬ್ರಿಕ್ಸ್ ಮೀಟರ್ ಇಟ್ಟುಕೊಂಡಿರುತ್ತಾರೆ, ನೋಡಲು ಅದೇ ಉಪಕರಣ. ಅದನ್ನೇ ಬೆಕ್ಕಿಗೂ ಬಳಸೋಣ ಅನ್ನಬೇಡಿ, ಅದರಲ್ಲಿರುವುದು ಸಕ್ಕರೆಯ ಅಳತೆ. ಕೊಳ್ಳುವಾಗ ಒಳಗೆ ಮೂರು ಪಟ್ಟಿ ಇರುವ ಕ್ಲಿನಿಕಲ್ ಮಾದರಿ ಕೇಳಿ, ಅದರಲ್ಲಿ ಮೂತ್ರದ ಸಾಂದ್ರತೆ 1.000ದಿಂದ 1.050ರವರೆಗೆ ಇರುತ್ತದೆ. ಮೊದಲು ಡಿಸ್ಟಿಲ್ಡ್ ನೀರು ಎರಡು ಹನಿ ಹಾಕಿ, ಮುಚ್ಚಳ ಗಾಳಿಗುಳ್ಳೆಯಿಲ್ಲದಂತೆ ಕೂರಿಸಿ, ಬೆಳಕಿಗೆ ಹಿಡಿದು, ನೀಲಿ-ಬಿಳಿ ಗೆರೆ ಸರಿಯಾಗಿ 1.000ದ ಮೇಲೆ ನಿಲ್ಲುವಂತೆ ಮೇಲಿನ ತಿರುಪು ತಿರುಗಿಸಬೇಕು. ಆಮೇಲೆ ಒರೆಸಿ ಮೂತ್ರದ ಎರಡು ಹನಿ. ಮೂತ್ರ ಕದಡಿದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿ ಮೇಲಿನ ತಿಳಿಯನ್ನೇ ತೆಗೆದುಕೊಳ್ಳಿ. 1.035 ಮತ್ತು ಮೇಲೆ ಬಂದರೆ ಕಿಡ್ನಿ ಮೂತ್ರವನ್ನು ಗಟ್ಟಿ ಮಾಡುತ್ತಿದೆ. 1.008ರಿಂದ 1.012ರ ನಡುವೆ ಮತ್ತೆ ಮತ್ತೆ ನಿಂತರೆ ಆ ಶಕ್ತಿ ಹೋಗಿದೆ ಎಂದರ್ಥ. ನಡುವಿನ ಅಂಕಿ ಬಂದರೆ ಒಂದೇ ಓದಿನಿಂದ ತೀರ್ಮಾನ ಬೇಡ, ಬೇರೆ ಬೇರೆ ದಿನ ಬೆಳಗಿನ ಮೂತ್ರ ನೋಡಿ. ನೀರು ಹೆಚ್ಚಿರುವ ಊಟ, ಡ್ರಿಪ್, ಸ್ಟೀರಾಯ್ಡ್, ಮೂತ್ರ ಹೆಚ್ಚಿಸುವ ಮಾತ್ರೆ ಇವೆಲ್ಲ ಸಾಂದ್ರತೆ ತಗ್ಗಿಸುತ್ತವೆ. ಇನ್ನೊಂದು ತೊಡಕು ಏನೆಂದರೆ, ಕೆಲವು ಬೆಕ್ಕುಗಳು ಕಾಯಿಲೆ ಇದ್ದೂ 1.035 ಮೇಲೆ ತೋರಿಸುತ್ತವೆ. ಒಳ್ಳೆಯ ಅಂಕಿ ಬಂತೆಂದು ತೂಕ ಇಳಿಯುತ್ತಿರುವುದನ್ನು ಮರೆಯಬಾರದು. ಒಂದೇ ಬೆಕ್ಕಿದ್ದವರು ಇದನ್ನು ಕೊಳ್ಳುವ ಬದಲು ಮೂತ್ರ ತೆಗೆದುಕೊಂಡು ಹೋಗಿ ಕ್ಲಿನಿಕ್ಕಿನಲ್ಲೇ ನೋಡಿಸುವುದು ಮೇಲು. ನಾಲ್ಕೈದು ಸಾಕಿದವರಿಗೆ, ಬೆಕ್ಕುಗಳನ್ನು ಪೋಷಿಸುವ ಆಶ್ರಯದವರಿಗೆ ಖಂಡಿತ ಬೇಕಾದ ಉಪಕರಣ.

ಬಣ್ಣ ಬದಲಿಸುವ ಲಿಟರ್ ಬಗ್ಗೆ ಎರಡು ಸಾಲು ಸಾಕು. ಅದು ತೋರಿಸುವುದು ಪಿಎಚ್, ಕೆಲವದರಲ್ಲಿ ರಕ್ತ. ಕಿಡ್ನಿಯ ಶಕ್ತಿಯನ್ನು ಅದು ಅಳೆಯುವುದಿಲ್ಲ, ಹಣ ಉಳಿಸಿಕೊಳ್ಳಿ. ಗಟ್ಟಿಯಾಗಿ ಉಂಡೆ ಕಟ್ಟುವ ಮಾಮೂಲಿ ಲಿಟರ್ ಇದಕ್ಕಿಂತ ಹೆಚ್ಚು ಹೇಳುತ್ತದೆ. ದಿನಕ್ಕೆ ಎರಡು ಮೂರು ಉಂಡೆ ಇದ್ದದ್ದು ಐದಾರಾದರೆ, ಒಂದೊಂದು ಉಂಡೆಯೂ ದೊಡ್ಡದಾದರೆ, ಅದೇ ಸುಳಿವು.

ಈಗ ಲ್ಯಾಬ್. ನಮ್ಮ ಎರಡೂ ಜಿಲ್ಲೆಗಳಲ್ಲಿ ಪಶುವೈದ್ಯರು ರಕ್ತ ತೆಗೆದು ಹತ್ತಿರದ ಮನುಷ್ಯರ ಲ್ಯಾಬಿಗೆ ಕಳಿಸುವುದು ಉಂಟು. ಕ್ರಿಯಾಟಿನಿನ್, ಯೂರಿಯಾ ಅಳೆಯುವ ಯಂತ್ರ ಯಾರ ರಕ್ತ ಎಂದು ಕೇಳುವುದಿಲ್ಲ, ಅಂಕಿ ನಂಬಬಹುದು. ಕೆಡುವುದು ಪಕ್ಕದ ಸಾಲಿನಲ್ಲಿ ಅಚ್ಚಾಗುವ ಸಾಮಾನ್ಯ ಮಿತಿ, ಅದು ಮನುಷ್ಯರದ್ದು. ರಿಪೋರ್ಟಿನಲ್ಲಿ ಯೂರಿಯಾ 60 ಬಂದು, ಮಿತಿ 40 ಎಂದು ಅಚ್ಚಾಗಿ, ಪಕ್ಕದಲ್ಲಿ ದಪ್ಪಕ್ಷರದ 'ಹೈ' ಕಂಡರೆ ಮನೆಯವರ ಎದೆ ಧಸಕ್ ಅನ್ನುತ್ತದೆ. ಇಲ್ಲಿ ಎರಡು ಗೋಜಲು ಸೇರಿಕೊಂಡಿವೆ. ಬೆಕ್ಕಿನ ಮಾಹಿತಿಯಲ್ಲಿ ಸಾಮಾನ್ಯವಾಗಿ ಕಾಣುವುದು ಬಿಯುಎನ್, ಅಂದರೆ ಯೂರಿಯಾದೊಳಗಿನ ಸಾರಜನಕ ಮಾತ್ರ. ನಮ್ಮ ಲ್ಯಾಬುಗಳು ಬಹುಪಾಲು ಬರೆಯುವುದು ಇಡೀ ಯೂರಿಯಾ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್. 60ನ್ನು ಭಾಗಿಸಿದರೆ 28. ಬೆಕ್ಕಿನ ಬಿಯುಎನ್ ಮಿತಿ ಸುಮಾರು 16ರಿಂದ 36. ಹಾಗಾಗಿ ಆ 'ಹೈ' ಬೆಕ್ಕಿನ ಮಟ್ಟಿಗೆ ಏನೂ ಅಲ್ಲ. ಕ್ರಿಯಾಟಿನಿನ್ 1.5 ಬಂದರೂ ಇದೇ ಕಥೆ, ಮನುಷ್ಯರಿಗೆ ಅದು ಹೆಚ್ಚು, ಬೆಕ್ಕಿಗೆ ಅನುಮಾನ ಶುರುವಾಗುವ 1.6ರ ಗೆರೆಗಿಂತ ಕೆಳಗೆ.

ಇದಕ್ಕೆ ಉಲ್ಟಾ ಆಗುವುದು ಇನ್ನೂ ಅಪಾಯ. ಕೆಲವು ಪ್ರಾಣಿಗಳ ಲ್ಯಾಬುಗಳು ಬೆಕ್ಕಿನ ಕ್ರಿಯಾಟಿನಿನ್ ಮಿತಿಯನ್ನು 2.4ರವರೆಗೆ ಅಚ್ಚು ಹಾಕುತ್ತವೆ. 2.0 ಬಂದ ಬೆಕ್ಕಿನ ರಿಪೋರ್ಟಿನಲ್ಲಿ ಯಾವ ಗುರುತೂ ಇರುವುದಿಲ್ಲ, ಮನೆಯವರು ನಿಶ್ಚಿಂತೆಯಿಂದ ಫೈಲು ಮುಚ್ಚುತ್ತಾರೆ. ಐಆರ್‌ಐಎಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯ ಬಳಗ ಮಾಡಿದ ಹಂತಗಳ ಪ್ರಕಾರ ಅದು, ಮೂತ್ರವೂ ತೆಳುವಾಗಿದ್ದು ಮರುಪರೀಕ್ಷೆಯಲ್ಲೂ ಹಾಗೇ ನಿಂತರೆ, ಎರಡನೇ ಹಂತದ ಕಾಯಿಲೆ. ಬೆಕ್ಕಿಗೆ ಆ ಹಂತಗಳು ಹೀಗೆ: ಡೆಸಿಲೀಟರಿಗೆ 1.6 ಮಿಲಿಗ್ರಾಂ ಕ್ರಿಯಾಟಿನಿನ್ ಒಳಗಿದ್ದರೆ ಒಂದು, 1.6ರಿಂದ 2.8 ಎರಡು, 2.9ರಿಂದ 5.0 ಮೂರು, 5.0 ದಾಟಿದರೆ ನಾಲ್ಕು. ಅಚ್ಚಾದ 'ನಾರ್ಮಲ್' ಪದ ಬಿಟ್ಟು ಅಂಕಿಯನ್ನು ಈ ಪಟ್ಟಿಗೆ ಹಿಡಿದು ನೋಡಿ. ಹಳೆಯ ರಿಪೋರ್ಟು ಎಸೆಯಬೇಡಿ. ಹೋದ ವರ್ಷ 1.0 ಇದ್ದ ಬೆಕ್ಕು ಈ ವರ್ಷ 1.5 ಆದರೆ, ಎರಡೂ ಒಂದನೇ ಹಂತದ ಅಂಕಿಯೇ ಆದರೂ, ಅರ್ಧದಷ್ಟು ಏರಿದೆ.

ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಆದ್ದರಿಂದ ಸೊರಗಿದ ಬೆಕ್ಕಿನಲ್ಲಿ ಕಿಡ್ನಿ ಎಷ್ಟೇ ಕೆಟ್ಟಿದ್ದರೂ ಅಂಕಿ ಸಭ್ಯವಾಗಿ ಕಾಣುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ರಕ್ತಪರೀಕ್ಷೆಗೆ ಹೆಚ್ಚಿನ ದುಡ್ಡು ಕೊಡುವುದು ಇಂಥ ಬೆಕ್ಕಿಗೇ. ಅದು ಮಾಂಸಖಂಡವನ್ನು ಅವಲಂಬಿಸುವುದಿಲ್ಲ, ಸರಾಸರಿ ಶೇಕಡಾ 40ರಷ್ಟು ಶಕ್ತಿ ಹೋದಾಗಲೇ ಏರತೊಡಗುತ್ತದೆ. ಡೆಸಿಲೀಟರಿಗೆ 14 ಮೈಕ್ರೋಗ್ರಾಂವರೆಗೆ ಸಹಜ, ಅದರ ಮೇಲೆ ಪದೇ ಪದೇ ನಿಂತರೆ ಅನುಮಾನ, 18 ಮುಟ್ಟಿದರೆ ಎರಡನೇ ಹಂತ. ಸಣ್ಣ ಊರಿನ ಲ್ಯಾಬುಗಳಲ್ಲಿ ಇದು ಸಿಗುವುದು ಕಷ್ಟ, ವೈದ್ಯರ ಮೂಲಕ ಬೆಂಗಳೂರಿಗೆ ಕಳಿಸುವ ವ್ಯವಸ್ಥೆ ಕೇಳಬೇಕು. ಕ್ರಿಯಾಟಿನಿನ್ ಈಗಾಗಲೇ 4 ಇರುವ ಬೆಕ್ಕಿಗೆ, ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಎಂದು ಇದಕ್ಕೆ ಖರ್ಚು ಮಾಡುವುದು ಬೇಡ.

ರಕ್ತ ಕೊಡುವ ಹಿಂದಿನ ರಾತ್ರಿಯಿಂದ ಊಟ ಬೇಡ, ನೀರು ಇರಲಿ. ಮೀನು ಮಾಂಸ ತಿಂದು ಬಂದ ಬೆಕ್ಕಿನಲ್ಲಿ ಯೂರಿಯಾ ಏರಿರುತ್ತದೆ. ಈ ಉಪವಾಸ ಚೆನ್ನಾಗಿ ಓಡಾಡಿಕೊಂಡಿರುವ ಬೆಕ್ಕಿಗೆ ಮಾತ್ರ, ನಿತ್ರಾಣವಾದದ್ದನ್ನು ಇದ್ದ ಹಾಗೇ ಕರೆದುಕೊಂಡು ಹೋಗಿ. ವಾಂತಿಯಾಗಿ ನೀರು ಬತ್ತಿದ ಬೆಕ್ಕಿನಲ್ಲಿ ಕಿಡ್ನಿ ಸರಿಯಿದ್ದರೂ ಎರಡೂ ಅಂಕಿ ಏರುತ್ತವೆ, ಆಗ ಬಿಡಿಸಿ ಹೇಳುವುದು ಮೂತ್ರ. ಮೂತ್ರ 1.035 ಮೇಲಿದ್ದರೆ ನೀರಿನ ಕೊರತೆ, ತೆಳುವಾಗಿದ್ದರೆ ಕಿಡ್ನಿಯ ಮೇಲೆಯೇ ಅನುಮಾನ. ಡ್ರಿಪ್ ಹಾಕುವ ಮುಂಚೆಯೇ ಆ ಮೂತ್ರ ತೆಗೆದಿರಬೇಕು, ಹಾಕಿದ ಮೇಲೆ ತೆಗೆದರೆ ಎಲ್ಲ ಬೆಕ್ಕಿನದ್ದೂ ತೆಳುವೇ. ಮೂತ್ರವಿಲ್ಲದ ಕಿಡ್ನಿ ಪ್ಯಾಕೇಜು ಅರ್ಧ ಪರೀಕ್ಷೆ, ಜಾಹೀರಾತಿನಲ್ಲಿ ಎಷ್ಟೇ ಹೆಸರುಗಳ ಪಟ್ಟಿ ಇರಲಿ. ರಂಜಕ, ಪೊಟ್ಯಾಸಿಯಂ, ರಕ್ತಕಣಗಳ ಎಣಿಕೆ ಇದ್ದರೆ ಒಳ್ಳೆಯದು, ವಯಸ್ಸಾದ ಬೆಕ್ಕಿಗೆ ಥೈರಾಯ್ಡ್‌ನ ಟಿ4 ಸೇರಿಸಿ, ಏಕೆಂದರೆ ಥೈರಾಯ್ಡ್ ಹೆಚ್ಚಿದ್ದರೆ ಕಿಡ್ನಿಯ ತೊಂದರೆ ಅದರ ಹಿಂದೆ ಮರೆಯಾಗಿರುತ್ತದೆ. ಪೊಟ್ಯಾಸಿಯಂ ತೀರ ಇಳಿದ ಬೆಕ್ಕನ್ನು ಕಂಡ ಕೂಡಲೇ ಗುರುತಿಸಬಹುದು, ಕತ್ತೆತ್ತಲಾಗದೆ ಗದ್ದ ಎದೆಗೆ ತಾಗಿಸಿಕೊಂಡು ನಡೆಯುತ್ತದೆ. ತೋಟದಿಂದ ಪೇಟೆಗೆ ರಕ್ತ ಸಾಗಿಸುವುದಾದರೆ ಸೀರಂ ಬೇರ್ಪಡಿಸಿ ಐಸ್ ಜೊತೆ ಕಳಿಸಲು ಹೇಳಿ. ಬಿಸಿಲಲ್ಲಿ ಕುಲುಕಾಡಿ ರಕ್ತಕಣ ಒಡೆದರೆ ರಂಜಕದ ಅಂಕಿ ಸುಳ್ಳಾಗಿ ಏರುತ್ತದೆ. ಬಂದ ಅಂಕಿಯನ್ನು ಎರಡರಿಂದ ನಾಲ್ಕು ವಾರದಲ್ಲಿ ಮತ್ತೊಮ್ಮೆ ನೋಡದೆ ಹಂತ ನಿರ್ಧರಿಸುವುದಿಲ್ಲ.

ರಕ್ತದೊತ್ತಡ ನೋಡುವುದನ್ನು ನಮ್ಮ ಕಡೆ ಕೇಳುವವರೇ ಕಡಿಮೆ, ಕೇಳಬೇಕು. ಕಿಡ್ನಿ ಕಾಯಿಲೆಯ ಬೆಕ್ಕಿಗೆ ಒತ್ತಡ ಏರಿ ಒಂದೇ ರಾತ್ರಿಯಲ್ಲಿ ಕಣ್ಣು ಹೋಗುವುದುಂಟು. ಕಣ್ಣಿನ ಪಾಪೆ ಬೆಳಕಿನಲ್ಲೂ ಅಗಲವಾಗಿ, ಗೋಡೆಗೆ ಡಿಕ್ಕಿ ಹೊಡೆಯುವ ಮುದಿ ಬೆಕ್ಕಿಗೆ ಆ ದಿನವೇ ಒತ್ತಡ ನೋಡಿಸಬೇಕು. 160 ದಾಟಿದರೆ ಹೆಚ್ಚು, 180 ದಾಟಿದರೆ ತೀರಾ ಹೆಚ್ಚು. ಮನೆಯ ಬಿಪಿ ಯಂತ್ರ ಬೆಕ್ಕಿಗೆ ಆಗುವುದಿಲ್ಲ, ಕಾಲು ಅಥವಾ ಬಾಲಕ್ಕೆ ಸುತ್ತುವ ಪುಟ್ಟ ಪಟ್ಟಿ ಬೇಕು. ಬುಟ್ಟಿಯಿಂದ ತೆಗೆದ ಕೂಡಲೇ ಅಳೆದ ಅಂಕಿ ಬೆಕ್ಕಿನ ಹೆದರಿಕೆಯ ಅಂಕಿ. ಐದು ಹತ್ತು ನಿಮಿಷ ಸುಮ್ಮನೆ ಕೂರಿಸಿ, ಮೊದಲ ಓದು ಬಿಟ್ಟು, ಐದಾರು ಓದುಗಳ ಸರಾಸರಿ ತೆಗೆಯುವವರ ಹತ್ತಿರ ಮಾಡಿಸಿ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜು ಹಾಸನದಲ್ಲೇ ಇದೆ, ಚಿಕ್ಕಮಗಳೂರಿನಿಂದ ಸುಮಾರು 60 ಕಿಲೋಮೀಟರ್. ಹೋಗುವ ಮುಂಚೆ ಫೋನ್ ಮಾಡಿ, ಬೆಕ್ಕಿನ ರಕ್ತದೊತ್ತಡ, ಸ್ಕ್ಯಾನಿಂಗ್, ಮೂತ್ರದ ಪ್ರೋಟೀನ್ ಅನುಪಾತ ಈ ಮೂರನ್ನೂ ಹೆಸರಿಟ್ಟು ಕೇಳಿಕೊಂಡು ಹೋದರೆ ದಿನ ಹಾಳಾಗುವುದಿಲ್ಲ. ಅನುಪಾತ 0.2ರ ಒಳಗಿರಬೇಕು, 0.4 ದಾಟಿದರೆ ಪ್ರೋಟೀನ್ ಸೋರುತ್ತಿದೆ.

ಸ್ಕ್ಯಾನಿಂಗ್ ಎಲ್ಲರಿಗೂ ಮೊದಲ ದಿನವೇ ಬೇಕಿಲ್ಲ, ಪರ್ಷಿಯನ್‌ಗಳಿಗೆ ಮಾತ್ರ ಬೇಕು. ಆ ತಳಿಯಲ್ಲಿ ಕಿಡ್ನಿಯೊಳಗೆ ನೀರ್ಗುಳ್ಳೆ ಬೆಳೆಯುವ ವಂಶಪಾರಂಪರ್ಯ ಕಾಯಿಲೆ ಇದೆ, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ಬರಬಹುದು. ಹತ್ತು ತಿಂಗಳು ದಾಟಿದ ಮೇಲೆ ಮಾಡಿಸಿದ ಸ್ಕ್ಯಾನ್ ಹೆಚ್ಚು ನಂಬಿಕೆಯದ್ದು. ಮರಿ ಮಾರುವವರು ತಂದೆ ತಾಯಿಯ ಸ್ಕ್ಯಾನ್ ತೋರಿಸದಿದ್ದರೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ.

ಈ ಯಾವ ಸಾಮಾನನ್ನೂ ಹುಡುಕುತ್ತಾ ಕೂರಬಾರದ ಸಂದರ್ಭಗಳೂ ಇವೆ. ಗಂಡು ಬೆಕ್ಕು ಪದೇ ಪದೇ ಕೂತು ತಿಣುಕಿ ಹನಿಯೂ ಬರದಿದ್ದರೆ ಮಲಬದ್ಧತೆ ಎಂದು ಎಣ್ಣೆ ಕುಡಿಸುತ್ತಾ ಕೂತವರು ಬೆಕ್ಕನ್ನು ಕಳೆದುಕೊಳ್ಳುತ್ತಾರೆ. ಮೂತ್ರನಾಳ ಕಟ್ಟಿದರೆ ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ಬೊಕೆಯಲ್ಲಿ ಬರುವ ಲಿಲ್ಲಿ, ತೋಟದ ಡೇ ಲಿಲ್ಲಿ, ಇವುಗಳ ಎಲೆ, ಹೂವು, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿಯನ್ನು ಒಂದರಿಂದ ಮೂರು ದಿನದಲ್ಲಿ ಮುಗಿಸುತ್ತವೆ. ಮೈಕೈ ನೋವಿಗೆ ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಜೀಪಿನ ರೇಡಿಯೇಟರಿನಿಂದ ಸೋರಿದ ಕೂಲೆಂಟ್ ಇವೂ ಅಷ್ಟೇ. ತಿಂದದ್ದು ಗೊತ್ತಾದ ಕೂಡಲೇ ಹೊರಡಬೇಕು, ಲಕ್ಷಣ ಕಾಣುವವರೆಗೆ ಕಾಯಬಾರದು.

ಕೊನೆಗೆ ಕಿಡ್ನಿ ಆಹಾರ. ರಾಯಲ್ ಕ್ಯಾನಿನ್ ರೀನಲ್, ಹಿಲ್ಸ್ ಕೆ/ಡಿ, ಫಾರ್ಮಿನಾ ವೆಟ್ ಲೈಫ್ ರೀನಲ್ ಹೆಸರಿನವು ತರಿಸಿಕೊಳ್ಳಲು ಸಿಗುತ್ತವೆ. ಮೂರರದ್ದೂ ಮೂಲ ಲೆಕ್ಕ ಒಂದೇ, ರಂಜಕ ಕಡಿಮೆ, ಪ್ರೋಟೀನ್ ಹದವಾಗಿ. ಎರಡನೇ ಹಂತದಿಂದ ಇವು ನಿಜಕ್ಕೂ ಆಯಸ್ಸು ಹೆಚ್ಚಿಸುವ ಚಿಕಿತ್ಸೆ. ಆದರೆ ಪರೀಕ್ಷೆ ಮಾಡಿಸದೆ 'ಮುಂಜಾಗ್ರತೆಗೆ' ಎಂದು ಕೊಡುವುದು ತಪ್ಪು, ಬೆಳೆಯುವ ಮರಿಗೆ ಕೊಡಲೇಬಾರದು. 'ಕಿಡ್ನಿ ಟಾನಿಕ್' ಎಂದು ಮಾರುವ ಸಿರಪ್ಪುಗಳು ಈ ಆಹಾರದ ಜಾಗ ತುಂಬುವುದಿಲ್ಲ. ಹಾಲು, ಒಣಮೀನು, ಮೀನಿನ ಮುಳ್ಳು ಮೊದಲು ನಿಲ್ಲಬೇಕು, ರಂಜಕ ಅಲ್ಲೇ ಹೆಚ್ಚು, ಒಣಮೀನಿನಲ್ಲಿ ಉಪ್ಪೂ ಸೇರಿರುತ್ತದೆ. ಮೊದಲ ಸಲ ಅತಿ ಸಣ್ಣ ಪ್ಯಾಕೆಟ್ಟನ್ನೇ ಕೊಳ್ಳಿ. ಬೆಕ್ಕು ಒಪ್ಪುವುದು ಖಾತ್ರಿಯಿಲ್ಲ, ಮಲೆನಾಡಿನ ತೇವದಲ್ಲಿ ತೆರೆದ ದೊಡ್ಡ ಚೀಲ ಮುಗಿಯುವ ಮುಂಚೆ ಮುಗ್ಗಲು ಹಿಡಿಯುತ್ತದೆ. ವಾಂತಿ, ಓಕರಿಕೆ ಇರುವಾಗ ಶುರು ಮಾಡಿದರೆ ಆ ರುಚಿಯನ್ನೇ ಬೆಕ್ಕು ಶಾಶ್ವತವಾಗಿ ದ್ವೇಷಿಸುತ್ತದೆ, ಅದು ನಿಂತ ಮೇಲೆ ಹಳೆಯ ಊಟಕ್ಕೆ ಒಂದು ಚಮಚದಂತೆ ಬೆರೆಸುತ್ತಾ ಮೂರು ನಾಲ್ಕು ವಾರ ತೆಗೆದುಕೊಳ್ಳಿ. ಹಟಕ್ಕೆ ಬಿದ್ದು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿಕೊಳ್ಳುತ್ತದೆ, ಅದು ಕಿಡ್ನಿಗಿಂತ ಬೇಗ ಕೊಲ್ಲುತ್ತದೆ. ಒಂದು ದಿನ ಪೂರ್ತಿ ಹೊಸ ಊಟ ಮುಟ್ಟದಿದ್ದರೆ ಮರುದಿನ ಹಳೆಯದನ್ನೇ ಹಾಕಿ, ಆ ವಾರ ಮಾತ್ರ ಎರಡು ದಿನಕ್ಕೊಮ್ಮೆ ತೂಗಿ.